ಕಿಡಿ ‘ಮುಂದಕ್ಕೆ’ ಹಾಕುವುದು ಎಂದರೆ ಬೇಗವೋ, ತಡವೋ?

ಎಲ್ಲರಿಗೂ ನಮಸ್ಕಾರ.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಮನೆಯಲ್ಲಿ ಅಪ್ಪ ಓಡಿಸುತ್ತಿದ್ದ 350 ಸಿಸಿ ಬುಲೆಟ್ ಇದೆ, ಪಾಯಿಂಟ್ (ಕರೆಂಟು ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚು) ಇರುವ ಹಳೇ ಇಂಜಿನ್ನು. ನಮ್ಮ ಸುತ್ತಮುತ್ತ ಇಂಥ ಗಾಡಿ ಇಟ್ಟುಕೊಂಡ ಕೆಲವರಿಗೆ ಪಾಯಿಂಟ್ ತೆಗೆಸಿ ಪ್ರೋಗ್ರಾಂ ಮಾಡಬಹುದಾದ ಇಗ್ನಿಷನ್ ಪೆಟ್ಟಿಗೆ (ಕಿಡಿ ಯಾವಾಗ ಹೊಡೆಯಬೇಕೆಂದು ಅಂಕಿಯಲ್ಲಿ ಬರೆದು ಹೊಂದಿಸುವಂಥದ್ದು) ಕೂರಿಸುವ ಆಸೆ. ಯಾವುದನ್ನು ಕೊಳ್ಳಬೇಕು, ಹೇಗೆ ಹೊಂದಿಸಬೇಕು ಎಂದು ಕನ್ನಡದಲ್ಲಿ ಎರಡು ಪುಟ ಬರೆದಿಡೋಣ, ಗ್ಯಾರೇಜಿನ ಹುಡುಗರೂ ಓದಿಕೊಳ್ಳಲಿ ಎಂದು ಕೂತೆ. ಒಂದೇ ಒಂದು ಪದ ಅಡ್ಡ ಬಂದು ನಿಂತಿದೆ. ಅದಕ್ಕೇ ಈ ಪತ್ರ.

ಕಳೆದ ಮಳೆಗಾಲದಲ್ಲಿ ನಡೆದದ್ದನ್ನು ಮೊದಲು ಹೇಳಬೇಕು. ಸಾಗರದ ಗೆಳೆಯನೊಬ್ಬ ಅಂಥ ಪೆಟ್ಟಿಗೆ ಹಾಕಿಸಿದ್ದ. ಕಿಕ್ ಹೊಡೆದಾಗ ಕಿಕ್ಕರ್ ವಾಪಸ್ ಒದೆಯುತ್ತದೆ ಎಂದು ಫೋನ್ ಮಾಡಿದ. ನಿಧಾನದ ಸುತ್ತಿನಲ್ಲಿ ಕಿಡಿ ತೀರಾ ಬೇಗ ಹೊಡೆಯುತ್ತಿದೆ ಎಂದು ನನಗೆ ಹೊಳೆಯಿತು. “ಕೆಳಗಿನ ಆರ್‌ಪಿಎಂನಲ್ಲಿ ಒಂದು ನಾಲ್ಕು ಡಿಗ್ರಿ ಮುಂದಕ್ಕೆ ಹಾಕು ಮಾರಾಯ” ಅಂದೆ. ಪರೀಕ್ಷೆ ಮುಂದಕ್ಕೆ ಹಾಕಿದರು, ಮದುವೆ ಮುಂದಕ್ಕೆ ಹೋಯಿತು ಅನ್ನುತ್ತೇವಲ್ಲ, ಆ ಅರ್ಥದಲ್ಲಿ. ತಡ ಮಾಡು ಎಂದು. ಅವನು ಗ್ಯಾರೇಜಿನ ಮಾತಿನಲ್ಲಿ ಬೆಳೆದವನು. ‘ಟೈಮಿಂಗ್ ಮುಂದಕ್ಕೆ’ ಅಂದರೆ ಅವನಿಗೆ ಅಡ್ವಾನ್ಸ್, ಅಂದರೆ ಕಿಡಿ ಇನ್ನೂ ಬೇಗ. ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 12 ಡಿಗ್ರಿ ಮುಂಚೆ ಹೊಡೆಯುತ್ತಿದ್ದ ಕಿಡಿಯನ್ನು 16 ಡಿಗ್ರಿ ಮುಂಚೆ ಮಾಡಿದ. ಮರುದಿನ ಬೆಳಿಗ್ಗೆ ಕಿಕ್ಕರ್ ಒದ್ದ ಏಟಿಗೆ ಪಾದದ ಗಂಟು ಊದಿಕೊಂಡು ಎರಡು ವಾರ ತೋಟಕ್ಕಿಳಿಯಲಿಲ್ಲ ಅವನು. ತಪ್ಪು ನನ್ನದು. ಆ ಮಾತಿಗೆ ಎರಡು ಬಾಯಿ ಇದೆ ಎಂದು ನನಗೆ ತಿಳಿದಿರಬೇಕಿತ್ತು.

ಆಮೇಲಿಂದ ಇದನ್ನೇ ಯೋಚಿಸುತ್ತಿದ್ದೇನೆ. ‘ಗಡಿಯಾರ ಹತ್ತು ನಿಮಿಷ ಮುಂದಿದೆ’ ಎಂದರೆ ಅದರ ಗಂಟೆ ಬೇಗ ಹೊಡೆಯುತ್ತದೆ. ‘ಸಭೆ ಹತ್ತು ನಿಮಿಷ ಮುಂದಕ್ಕೆ ಹೋಗಿದೆ’ ಎಂದರೆ ತಡವಾಗುತ್ತದೆ. ‘ಮುಂದಿನ ವಾರ’ ಇನ್ನೂ ಬರಬೇಕಾದ್ದು, ‘ಹಿಂದಿನ ವಾರ’ ಕಳೆದುಹೋದದ್ದು. ಆ ಲೆಕ್ಕಕ್ಕೆ ಬೇಗ ಬರುವ ಕಿಡಿಯನ್ನು ‘ಹಿಂದಿನ ಕಿಡಿ’ ಎನ್ನಬೇಕಾಗುತ್ತದೆ! ಕೈ ಕೆಲಸ ನೋಡಿದರೆ ಗೊಂದಲ ಇನ್ನೂ ಹೆಚ್ಚು. ಪಾಯಿಂಟನ್ನು ತೆರೆಯುವ ಕ್ಯಾಮ್ ಯಾವ ಕಡೆ ತಿರುಗುತ್ತದೋ ಅದಕ್ಕೆ ಎದುರಾಗಿ, ಅಂದರೆ ಹಿಂದಕ್ಕೆ, ಪಾಯಿಂಟ್ ಪ್ಲೇಟನ್ನು ತಿರುಗಿಸಿದರೆ ಕಿಡಿ ಬೇಗ ಬರುತ್ತದೆ. ಮೆಕ್ಯಾನಿಕ್ಕಿನ ಕೈ ಹಿಂದಕ್ಕೆ ಹೋಗುತ್ತಿರುತ್ತದೆ, ಬಾಯಿ ‘ಮುಂದಕ್ಕೆ ಮಾಡ್ತಿದೀನಿ’ ಅನ್ನುತ್ತಿರುತ್ತದೆ.

ಪಾಯಿಂಟ್ ಇದ್ದ ಕಾಲದಲ್ಲಿ ಇದರಿಂದ ಅಷ್ಟು ತೊಂದರೆಯಾಗುತ್ತಿರಲಿಲ್ಲ. ಕಣ್ಣೆದುರೇ ಪ್ಲೇಟು ಇರುತ್ತಿತ್ತು, ಹೆಚ್ಚೂಕಡಿಮೆಯಾದರೆ ಸ್ಕ್ರೂ ಸಡಿಲಿಸಿ ಸರಿಮಾಡುತ್ತಿದ್ದರು. ಕಿಡಿಯ ವೇಳೆಯನ್ನು ವೇಗಕ್ಕೆ ತಕ್ಕಂತೆ ಬದಲಿಸುವ ಕೆಲಸವನ್ನು ಪಾಯಿಂಟ್ ಕೂತಿರುವ ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ತೂಕ, ಎರಡು ಸ್ಪ್ರಿಂಗ್ ತಾವೇ ಮಾಡಿಕೊಳ್ಳುತ್ತಿದ್ದವು. ಈಗಿನ ಪೆಟ್ಟಿಗೆಯಲ್ಲಿ ಆ ಕೆಲಸ ಅಂಕಿಗೆ ಸೇರಿದ್ದು. ಚೆಕ್ ದೇಶದ ಇಗ್ನಿಟೆಕ್‌ನಂಥ ಕಂಪನಿಯ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿ, ಇಷ್ಟು ಸುತ್ತಿಗೆ ಇಷ್ಟು ಡಿಗ್ರಿ ಎಂದು ನಾವೇ ಬರೆಯಬೇಕು. ಬರೆಯುವ ಕೆಲಸ ಬಂದಲ್ಲಿ ಪದ ಗಟ್ಟಿಯಿರಬೇಕು.

ಕಿಡಿ ಬೇಗ ಯಾಕೆ ಬೇಕು ಎಂಬುದನ್ನು ಹುಡುಗರಿಗೆ ನಾನು ಮದ್ದು ಹೊಡೆಯುವ ಲೆಕ್ಕದಲ್ಲಿ ಹೇಳುತ್ತೇನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆ ಹೊಡೆಯುತ್ತೇವೆ, ಮಳೆ ಹಿಡಿದಾಗ ಕಾಯಿಗೆ ರಕ್ಷೆ ಸಿದ್ಧವಿರಲಿ ಎಂದು. ಸಿಲಿಂಡರಿನಲ್ಲೂ ಹಾಗೇ. ಕಿಡಿ ತಾಗಿದ ಗಳಿಗೆಗೇ ಮಿಶ್ರಣವೆಲ್ಲ ಉರಿದುಬಿಡುವುದಿಲ್ಲ, ಜ್ವಾಲೆ ಹರಡಲು ಸ್ವಲ್ಪ ಹೊತ್ತು ಬೇಕು. ನಿಮಿಷಕ್ಕೆ 1000 ಸುತ್ತಿನಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) 6 ಡಿಗ್ರಿ ತಿರುಗುತ್ತದೆ, 4000 ಸುತ್ತಿನಲ್ಲಿ 24 ಡಿಗ್ರಿ. ಪಿಸ್ಟನ್ ಮೇಲ್ತುದಿ ದಾಟುತ್ತಿದ್ದಂತೆ ಒತ್ತಡ ಸಿದ್ಧವಿರಬೇಕಾದರೆ, ವೇಗ ಹೆಚ್ಚಿದಷ್ಟೂ ಕಿಡಿ ಮುಂಚೆ ಹೊಡೆಯಬೇಕು. ತೀರಾ ಮುಂಚೆಯಾದರೆ ಆಗುಂಬೆ ಘಾಟಿ ಹತ್ತುವಾಗ ಇಂಜಿನ್ ಕಟಕಟ ಕುಟ್ಟುತ್ತದೆ. ತಡವಾದರೆ ಎಳೆತ ಸತ್ತು ಸೈಲೆನ್ಸರ್ ಬೆಂಡು ಕಾದು ನೀಲಿಯಾಗುತ್ತದೆ.

‘ಮುಂಚೆ’, ‘ಮುಂದೆ’. ಒಂದೇ ಅಕ್ಷರದ ಅಂತರ, ಅರ್ಥ ತಿರುಗುಮುರುಗು. ‘ಮುಂಚೆ’ಗೆ ಎರಡು ಅರ್ಥ ನಾನಂತೂ ಕೇಳಿಲ್ಲ. ಹಾಗಾಗಿ ಅಂಕಿಯ ಜೊತೆಗೆ ಯಾವಾಗಲೂ ‘ಮೇಲ್ತುದಿಗೆ 12 ಡಿಗ್ರಿ ಮುಂಚೆ’ ಎಂದೇ ಬರೆಯುವುದು, ಹೇಳುವಾಗ ‘ಬೇಗ ಮಾಡು’, ‘ತಡ ಮಾಡು’ ಎನ್ನುವುದು ಎಂದು ತೀರ್ಮಾನಿಸಿದ್ದೇನೆ. ಡಿಗ್ರಿ ಕ್ರ್ಯಾಂಕಿನದೋ ಡಿಸ್ಟ್ರಿಬ್ಯೂಟರಿನದೋ ಎಂಬುದನ್ನೂ ಬರೆಯಲೇಬೇಕು. ಬುಲೆಟ್ಟಿನ ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿಯ 1 ಡಿಗ್ರಿ ಇಲ್ಲಿ 2.

ಆದರೆ ಕೋಷ್ಟಕದ ತಲೆಗೆ ಬರೆಯಲು ಒಂದು ನಾಮಪದ ಬೇಕಲ್ಲ. ‘ಮುಂಗಡ’ ಎಂದರು ಒಬ್ಬರು. ನಮ್ಮೂರಲ್ಲಿ ಮುಂಗಡ ಎಂದ ಕೂಡಲೇ ಅಡಿಕೆ ಮಂಡಿಯಲ್ಲಿ ಎತ್ತಿದ ಸಾಲ, ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟ ದುಡ್ಡು ನೆನಪಾಗುತ್ತದೆ. ಅದಕ್ಕೆ ಎದುರು ಪದವೂ ಇಲ್ಲ. ಎದುರು ಪದ ಬೇಕೇಬೇಕು, ಯಾಕೆಂದರೆ ಆರ್‌ಎಕ್ಸ್ 100, ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಗಳಿಗೆ ಮೇಲಿನ ಸುತ್ತುಗಳಲ್ಲಿ ಕಿಡಿಯನ್ನು ಮತ್ತೆ ತಡ ಮಾಡುವುದುಂಟು. ನನ್ನ ಮನಸ್ಸು ‘ಮುಂಗಿಡಿ–ಹಿಂಗಿಡಿ’ ಜೋಡಿಯ ಕಡೆ ವಾಲುತ್ತಿದೆ. ಮುಂಗಾರು–ಹಿಂಗಾರು ಆದ ಹಾಗೆಯೇ ಇಲ್ಲೂ ಕಕಾರ ಗಕಾರವಾಗಿದೆ, ಮಲೆನಾಡಿನಲ್ಲಿ ಹಿಂಗಾರಿಗಿಂತ ಮುಂಗಾರು ಮೊದಲು ಬರುವುದೆಂದು ಮಕ್ಕಳಿಗೂ ಗೊತ್ತು. ಅಡ್ಡಿ ಇಷ್ಟೆ: ಮುಂಗೈ, ಮುಂಗಾಲುಗಳಲ್ಲಿ ‘ಮುಂ’ ಜಾಗ ಹೇಳುತ್ತದೆ, ಹೊತ್ತನ್ನಲ್ಲ. ಎರಡು ಪ್ಲಗ್ಗಿನ ಇಂಜಿನ್ನಿನಲ್ಲಿ ‘ಮುಂಗಿಡಿ’ ಎಂದರೆ ಮುಂದಿನ ಪ್ಲಗ್ಗಿನ ಕಿಡಿ ಎಂದು ತಿಳಿದಾರೇ? ‘ಮುಂಚು–ಹಿಂಚು’ ಎಂದರೆ ಆ ತೊಡಕಿಲ್ಲ, ‘ಹಿಂಚುಮುಂಚು’ ಮಾತಿನಲ್ಲೂ ಇದೆ. ಆದರೆ ಕಿಡಿ ಎಂಬುದು ಅದರಲ್ಲಿ ಕಾಣುವುದಿಲ್ಲ.

ಇಗ್ನಿಷನ್ನಿಗೆ ‘ದಹನ’ ನನಗೆ ಒಪ್ಪಿಗೆಯಿಲ್ಲ. ದಹನ ಉರಿಯುವ ಇಡೀ ಕ್ರಿಯೆ, ನಮಗೆ ಬೇಕಾದ್ದು ಹೊತ್ತಿಕೊಳ್ಳುವ ಗಳಿಗೆ. ‘ಹೊತ್ತಿಕೆ’ ಚೆನ್ನಾಗಿದೆ. ಹಳಗನ್ನಡದಲ್ಲಿ ಕಾಲಕ್ಕೆ ‘ಪೊೞ್ತು’, ಉರಿಗೆ ‘ಪೊತ್ತು’ ಎಂದು ಬೇರೆಬೇರೆ ಇದ್ದದ್ದು ಈಗ ಎರಡೂ ‘ಹೊತ್ತು’ ಆಗಿವೆ. ಹೊತ್ತುವ ಹೊತ್ತೇ ಟೈಮಿಂಗು. ಇದನ್ನು ಕಂಡ ದಿನ ನನಗೆ ನಿಜಕ್ಕೂ ಖುಷಿಯಾಯಿತು.

ಇನ್ನೊಂದು ಪದಕ್ಕೂ ನೆರವು ಬೇಕು. ಗಾಡಿ ತಯಾರಿಸಿದ ಕಂಪನಿಯದಲ್ಲದ ಬಿಡಿಭಾಗವನ್ನು ಅಂಗಡಿಗಳಲ್ಲಿ ‘ಲೋಕಲ್’ ಅಥವಾ ‘ಡೂಪ್ಲಿಕೇಟ್’ ಎನ್ನುತ್ತಾರೆ. ಮೂಲದ್ದಕ್ಕಿಂತ ಚೆನ್ನಾಗಿರುವ, ನೀರು ಹೋಗದಂತೆ ರಾಳ ತುಂಬಿ ಮುಚ್ಚಿದ ಪೆಟ್ಟಿಗೆಗೂ ಅದೇ ಹೆಸರು. ನಮ್ಮ ಮಳೆಗೆ ಆ ರಾಳವೇ ಮುಖ್ಯ. ಹೆಸರು ಕೇಳಿಯೇ ಜನ ಹಿಂದೆ ಸರಿಯುತ್ತಾರೆ. ‘ಹೊರತಯಾರಿ’ ಎಂದು ಬರೆದಿದ್ದೇನೆ, ಕಿವಿಗೆ ಇನ್ನೂ ಕೂತಿಲ್ಲ. ಕಾಯಿಲ್ (ಕಿಡಿಗೆ ವೋಲ್ಟೇಜ್ ಏರಿಸುವ ಸುರುಳಿ), ಪಿಕಪ್ (ಕ್ರ್ಯಾಂಕ್ ಎಲ್ಲಿದೆ ಎಂದು ತಿಳಿಸುವ ಸೆನ್ಸರ್), ಸಿಡಿಐ (ಕೆಪಾಸಿಟರಿನಲ್ಲಿ ಕೂಡಿಟ್ಟ ಕರೆಂಟಿನಿಂದ ಕಿಡಿ ಹೊಡೆಸುವ ಇಗ್ನಿಷನ್) ಇವನ್ನು ಹಾಗೇ ಬಿಟ್ಟಿದ್ದೇನೆ. ಸಿಡಿಐ ಕಾಯಿಲ್ಲಿನ ಮೊದಲ ಸುರುಳಿಯ ರೋಧ 1 ಓಮಿಗೂ ಕಡಿಮೆ, ಪಾಯಿಂಟ್ ಕಾಯಿಲ್ಲಿನದು 3–4 ಓಮ್. ಪಾಯಿಂಟ್ ಕಾಯಿಲ್ ಬೇಕಾದಲ್ಲಿ ಸಿಡಿಐ ಕಾಯಿಲ್ ಹಾಕಿದರೆ ಪೆಟ್ಟಿಗೆ ಸುಟ್ಟೀತು. ಅಂಥಲ್ಲಿ ಅಂಗಡಿಯವನಿಗೆ ತಿಳಿಯುವ ಹೆಸರೇ ಇರಲಿ.

ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ‘ಮುಂದಕ್ಕೆ ಹಾಕು’ ಎಂದರೆ ತಡ ಮಾಡುವುದು ಮಾತ್ರವೇ? ನಿಮ್ಮ ಗ್ಯಾರೇಜಿನವರು ಟೈಮಿಂಗನ್ನು ಬೇಗ ಮಾಡುವುದಕ್ಕೆ ಏನೆನ್ನುತ್ತಾರೆ? ಮತ್ತೆ ಮುಂಗಿಡಿ, ಮುಂಚು ಇವೆರಡರಲ್ಲಿ ಯಾವುದನ್ನು ಕೇಳಿದರೆ ಅರ್ಥ ಕೇಳದೆಯೇ ಹೊಳೆಯುತ್ತದೆ?