ನಗರದ ಉದ್ಯೋಗ ಸೃಷ್ಟಿಯಿಂದ ಆರ್ಥಿಕತೆಯ ಆರೋಗ್ಯವನ್ನು ಅಳೆಯಬಹುದೇ?

ಪ್ರಶ್ನೆ (ವಿದ್ಯಾರ್ಥಿನಿ, ಉಡುಪಿ):
ಮಾನ್ಯರೇ, ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಗಾಗಿ ಮಂಗಳೂರಿನ ಉದ್ಯೋಗಗಳ ಬಗ್ಗೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ಹೊಸ ಆಸ್ಪತ್ರೆಯೋ ಸಾಫ್ಟ್‌ವೇರ್ ಕಚೇರಿಯೋ ತೆರೆದಾಗಲೆಲ್ಲ ಇಂತಿಷ್ಟು ಮಂದಿಗೆ ಕೆಲಸ ಸಿಕ್ಕಿತೆಂದು ಓದುತ್ತೇವೆ. ಆದರೆ ನನ್ನೊಡನೆ ಪದವಿ ಮುಗಿಸಿದವರಲ್ಲಿ ಹೆಚ್ಚಿನವರು ಬೆಂಗಳೂರಿಗೋ ಗಲ್ಫ್‌ಗೋ ಹೋಗಿಬಿಟ್ಟರು. ನಗರ ಪ್ರದೇಶದ ನಿರುದ್ಯೋಗ ದರ ಇಳಿದರೆ ಆರ್ಥಿಕತೆ ಸುಧಾರಿಸಿದೆ ಎಂದು ಬರೆಯುವುದು ಸರಿಯೇ?

ಉತ್ತರ 1 (ನಿವೃತ್ತ ಉಪನ್ಯಾಸಕ, ಮಂಗಳೂರು):
ಅಷ್ಟರಿಂದಲೇ ಹಾಗೆ ಬರೆಯಬೇಡಿ. ನಿರುದ್ಯೋಗ ದರವನ್ನು ಲೆಕ್ಕ ಹಾಕುವುದು ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುತ್ತಿರುವ ಇಲ್ಲವೇ ಕೆಲಸಕ್ಕೆ ಸಿದ್ಧರಿರುವವರನ್ನು ಸೇರಿಸಿದ ಸಂಖ್ಯೆಯ ಮೇಲೆ. ಆದ್ದರಿಂದ ಕೆಲಸದ ಆಸೆಯನ್ನೇ ಕೈಬಿಟ್ಟು ಮನೆಯಲ್ಲಿ ಕುಳಿತವರೂ ಊರು ಬಿಟ್ಟವರೂ ಇಲ್ಲಿನ ಲೆಕ್ಕದಿಂದ ಹೊರಬೀಳುತ್ತಾರೆ. ಒಂದೇ ಒಂದು ಹೊಸ ಕೆಲಸ ಹುಟ್ಟದೆಯೂ ದರ ಇಳಿಯಬಹುದು. 2017ರಲ್ಲಿ ಆರಂಭವಾದ, ಕೇಂದ್ರ ಸರ್ಕಾರ ಉದ್ಯೋಗ-ನಿರುದ್ಯೋಗ ಅಳೆಯಲು ನಡೆಸುವ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದವರೂ ಉದ್ಯೋಗಿಗಳೇ. ನಮ್ಮ ಕಡೆ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ, ಬ್ರಾಂಚಿಗೆ (ಕಂಪನಿಯ ಪರವಾಗಿ ಬೀಡಿ ಪಡೆಯುವ ಕೇಂದ್ರಕ್ಕೆ) ಕೊಟ್ಟು, ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವ ಹೆಂಗಸು, ಎಲೆ ಸರಿಯಾಗಿ ಸಿಗದೆ ವಾರದಲ್ಲಿ ಎರಡೇ ದಿನ ಕಟ್ಟಿದ್ದರೂ, ತಿಂಗಳ ಸಂಬಳದ ಬ್ಯಾಂಕ್ ನೌಕರನೊಂದಿಗೆ ಸಮನಾಗಿಯೇ ಎಣಿಕೆಯಾಗುತ್ತಾಳೆ. ಹಾಗಾಗಿ ಜನಸಂಖ್ಯೆಯಲ್ಲಿ ದುಡಿಯುವವರ ಪ್ರಮಾಣವೆಷ್ಟು, ಅವರಲ್ಲಿ ನಿಯಮಿತ ಸಂಬಳದವರೆಷ್ಟು, ಸಂಬಳವಿಲ್ಲದೆ ಮನೆಯ ಅಂಗಡಿಯಲ್ಲಿ ಕೈಜೋಡಿಸುವವರೆಷ್ಟು ಎಂಬುದನ್ನು ಜೊತೆಗಿಟ್ಟು ನೋಡಿ. ಈ ಕೊನೆಯವರನ್ನೂ ಆ ಸಮೀಕ್ಷೆ ಉದ್ಯೋಗಿಗಳೆಂದೇ ಪರಿಗಣಿಸುತ್ತದೆ.

ಉತ್ತರ 2 (ಮಲ್ಪೆ):
ಇವರ ಮಾತಿಗೆ ಋತುಮಾನವನ್ನೂ ಸೇರಿಸುತ್ತೇನೆ. ಜೂನ್ ಮತ್ತು ಜುಲೈಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳು ದಡ ಸೇರುತ್ತವೆ, ಮಂಜುಗಡ್ಡೆ ಕಾರ್ಖಾನೆಯಿಂದ ಹಿಡಿದು ಮೀನು ಸಾಗಿಸುವ ಲಾರಿಯವರೆಗೆ ಎಲ್ಲರ ಕೆಲಸವೂ ಕುಗ್ಗುತ್ತದೆ, ಹೊರರಾಜ್ಯಗಳ ಕಾರ್ಮಿಕರು ಊರಿಗೆ ಮರಳುತ್ತಾರೆ. ಜುಲೈಯನ್ನು ಸೆಪ್ಟೆಂಬರಿನೊಂದಿಗೆ ಹೋಲಿಸಿ ಉದ್ಯೋಗ ಸೃಷ್ಟಿಯಾಯಿತೆಂದರೆ ಅದು ತಪ್ಪು ಲೆಕ್ಕ. ಹಿಂದಿನ ವರ್ಷದ ಅದೇ ತಿಂಗಳನ್ನು ಎದುರಿಗಿಟ್ಟುಕೊಳ್ಳಿ.

ಉತ್ತರ 3 (ನಿವೃತ್ತ ಬ್ಯಾಂಕ್ ಅಧಿಕಾರಿ, ಮಣಿಪಾಲ):
ತಂಗಿ, ಭವಿಷ್ಯ ನಿಧಿಯ (ಪಿಎಫ್) ಹೊಸ ಚಂದಾದಾರರ ಸಂಖ್ಯೆಯನ್ನು ಹೊಸ ಕೆಲಸಗಳ ಲೆಕ್ಕವೆಂದು ನೀವು ಹೇಗೂ ಉಲ್ಲೇಖಿಸುತ್ತೀರಿ. ಕೆಲಸಗಾರರು ಇಪ್ಪತ್ತಕ್ಕೇರಿದ ಕಾರಣಕ್ಕೆ ಹಳೆಯ ಸಂಸ್ಥೆಯೊಂದು ಯೋಜನೆಯ ವ್ಯಾಪ್ತಿಗೆ ಬಂದರೆ ಅಲ್ಲಿನ ಹಳೆಯ ನೌಕರರೂ ಹೊಸಬರಂತೆ ಕಾಣುತ್ತಾರೆ ಎಂಬುದನ್ನು ಮರೆಯಬೇಡಿ.

ನನಗೆ ಹೆಚ್ಚು ಮುಖ್ಯವೆನಿಸುವುದು ಬೇರೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಸಿಂಡಿಕೇಟ್ ಬ್ಯಾಂಕಿನ ಪ್ರಧಾನ ಕಚೇರಿ ಮಣಿಪಾಲದಲ್ಲಿತ್ತು, ಕಾರ್ಪೊರೇಷನ್ ಬ್ಯಾಂಕಿನದ್ದು ಮಂಗಳೂರಿನಲ್ಲಿ. ಪ್ರಧಾನ ಕಚೇರಿಯಿಂದ ವರ್ಗವಾಗಿ ಬೇರೆ ಊರಿಗೆ ಹೋದ ಅಧಿಕಾರಿ ನಿರುದ್ಯೋಗಿಯಲ್ಲ, ಆದ್ದರಿಂದ ಯಾವ ದರದಲ್ಲೂ ಆತ ಕಾಣಿಸುವುದಿಲ್ಲ. ಆದರೆ ಆತನ ಬಾಡಿಗೆ ಮನೆ, ಮಕ್ಕಳ ಶಾಲೆ, ಕಚೇರಿಯ ಎದುರಿನ ಹೋಟೆಲು, ಮುದ್ರಣಾಲಯ ಇವೆಲ್ಲ ಆ ಸಂಬಳವನ್ನು ನೆಚ್ಚಿಕೊಂಡಿದ್ದವು. ಒಂದು ಕೆಲಸವನ್ನು ನೆಚ್ಚಿಕೊಂಡು ಊರಿನಲ್ಲಿ ಇನ್ನೆಷ್ಟು ಕೆಲಸಗಳು ನಡೆಯುತ್ತವೆ ಎಂಬುದನ್ನು ವಿಚಾರಿಸದೆ ಬರಿಯ ತಲೆ ಎಣಿಸಿದರೆ ನಿಮ್ಮ ಪ್ರಬಂಧ ಅರ್ಧಕ್ಕೇ ನಿಂತಂತಾಗುತ್ತದೆ. ಹಳೆಯ ಕಚೇರಿಗಳ ಸುತ್ತಲಿನ ಅಂಗಡಿಯವರನ್ನು ಮೊದಲು ಮಾತನಾಡಿಸಿ.

ವಿದ್ಯಾರ್ಥಿನಿ:
ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ವಾರ ಮಣಿಪಾಲದ ಅಂಗಡಿಗಳಿಂದಲೇ ಆರಂಭಿಸುತ್ತೇನೆ. ಬೀಡಿ ಕಟ್ಟುವವರು ವಾರಕ್ಕೆ ಎಷ್ಟು ದಿನ ದುಡಿಯುತ್ತಾರೆ ಎಂಬುದನ್ನು ಬ್ರಾಂಚಿನಲ್ಲಿ ವಿಚಾರಿಸುವುದು ಸೂಕ್ತವೋ, ಮನೆಗಳಿಗೇ ಹೋಗಿ ಕೇಳುವುದು ಸೂಕ್ತವೋ ದಯವಿಟ್ಟು ತಿಳಿಸಿ.

ಉತ್ತರ 1ರವರು:
ಮನೆಗಳಿಗೇ ಹೋಗಿ. ಬ್ರಾಂಚಿನ ಪುಸ್ತಕದಲ್ಲಿ ಒಬ್ಬರ ಹೆಸರಿದ್ದರೂ, ಕಟ್ಟುವ ಕೈಗಳು ಮನೆಯಲ್ಲಿ ಎರಡು ಮೂರು ಮಂದಿಯದ್ದಿರುತ್ತವೆ.