ಮೊಣಕಾಲುದ್ದ ಹೊಳೆ, ಎದೆಮಟ್ಟ ಮಾತು

ಆರಿದ್ರಾ ಮಳೆ ಹಿಡಿದ ಮೂರನೇ ದಿನ ಮನೆಯಲ್ಲಿ ಹೆಂಡತಿಯ ಅಪ್ಪಣೆಯಾಯಿತು. "ಅಣ್ಣ ಕುಮಟಾದಿಂದ ಬಂದಿದ್ದಾನೆ. ಎಲ್ಲಿಂದಾದರೂ ಸರಿ, ಮೀನು ತನ್ನಿ."

ಈ ದಿನಗಳಲ್ಲಿ ಮೀನು ತರುವುದು ಎಂದರೆ ಸುಮ್ನೆ ಮಾತಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಲೆಕ್ಕ ಹಾಕಿ 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಸಣ್ಣ ದೋಣಿಯವರು ತಂದ ನಾಲ್ಕು ಬಂಗಡೆ ದೇವಿಮನೆ ಘಟ್ಟ ಹತ್ತಿ ಬರುವಷ್ಟರಲ್ಲಿ ಬಂಗಾರವಾಗಿರುತ್ತವೆ. ಉಳಿದದ್ದು ಹೊಳೆ ಮೀನು. ನಾನು ಚೀಲ ಹಿಡಿದು, ಬಾವನನ್ನೂ ಕರೆದುಕೊಂಡು ಬನವಾಸಿ ಪೇಟೆಯ ಚಾ ಅಂಗಡಿಗೆ ಹೋದೆ. ಮೀನು ಎಲ್ಲಿ ಸಿಗುತ್ತದೆ ಎಂದು ಅಲ್ಲಿ ಗೊತ್ತಾಗುತ್ತದೆ. ಸಿಗುವುದು ಬೇರೆ ವಿಷಯ.

ಬೆಂಚಿನ ಮೇಲೆ ಗೌಡ್ರು, ಮಾಸ್ತರು, ಭಟ್ರು ಕೂತಿದ್ದರು. ಗೌಡ್ರು ಹುಟ್ಟಿದಾಗಿನಿಂದ ನಮ್ಮ ವರದಾ ಹೊಳೆಯಲ್ಲಿ ಮೀನು ಹಿಡಿದವರು. ಮಾಸ್ತರು ನಿವೃತ್ತರಾದ ಮೇಲೆ ಗಾಳ ಹಿಡಿದವರು, ಎರೆಹುಳ ಚುಚ್ಚುವಾಗ ಈಗಲೂ ಕಣ್ಣು ಮುಚ್ಚುತ್ತಾರೆ. ಭಟ್ರು ಹುಟ್ಟಿದಾಗಿನಿಂದ ಮೀನು ಮುಟ್ಟಿದವರಲ್ಲ. ಆದರೆ ಮೀನಿನ ಬಗ್ಗೆ ಅವರಷ್ಟು ಮಾತಾಡುವವರು ಈ ಹೋಬಳಿಯಲ್ಲೇ ಇಲ್ಲ. ಅವರ ಅಡಿಕೆ ತೋಟ ಹೊಳೆಗೆ ತಾಗಿಕೊಂಡಿದೆ. ಹಿಡಿಯುವುದೂ ಇಲ್ಲ, ತಿನ್ನುವುದೂ ಇಲ್ಲ. ಹೀಗಾಗಿ ನೋಡಲು ಅವರಿಗೆ ಬೇಕಾದಷ್ಟು ಪುರಸೊತ್ತು.

"ಹತ್ತುಮೀನು ಮುಗೀತಾ ಗೌಡ್ರೇ?" ಎಂದೆ.

"ಮುಗಿಯೋದೆಂತ, ಶುರುವೇ ಆಗಲಿಲ್ಲ ಮಾರಾಯ. ಮೊದಲೆಲ್ಲ ಮೃಗಶಿರ ಮಳೆ ಬಿದ್ದ ರಾತ್ರಿ ಗದ್ದೆಯ ನೀರು ಹಾಯುವ ಕಂಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈಗ ಮೀನಿಗಿಂತ ಟಾರ್ಚೇ ಜಾಸ್ತಿ."

ಬಾವ ಕಡಲ ಕಡೆಯವನು. "ಹತ್ತುಮೀನು ಅಂದರೆ ಯಾವ ಜಾತಿ?" ಎಂದ.

ಮೂವರೂ ಅವನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. ಅದು ಜಾತಿಯಲ್ಲ, ಹತ್ತುವ ಮೀನೆಲ್ಲ ಹತ್ತುಮೀನೇ. ಬೇಸಿಗೆಯಲ್ಲಿ ವರದೆ ಮೊಣಕಾಲು ಮುಳುಗದ ಹೊಳೆ. ದೊಡ್ಡ ಮಳೆ ಬಿದ್ದು ಕೆಂಪು ನೀರು ಇಳಿದದ್ದೇ, ಮೊಟ್ಟೆ ತುಂಬಿಕೊಂಡ ಮೀನು ನೀರಿಗೆ ಎದುರಾಗಿ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತದೆ. ಗದ್ದೆಯ ತೆಳು ನೀರು ಬೆಚ್ಚಗಿರುತ್ತದೆ, ಸೆಳವು ಇರುವುದಿಲ್ಲ, ಮರಿಗೆ ತಿನ್ನಲು ಹುಳಹುಪ್ಪಟೆ ಸಿಗುತ್ತದೆ. ಅಂದರೆ ಅದು ಮೀನಿನ ಬಾಣಂತಿಕೋಣೆ. ಆ ಕೋಣೆಯ ಬಾಗಿಲಲ್ಲೇ ನಾವು ಕತ್ತಿ, ಟಾರ್ಚು ಹಿಡಿದು ನಿಂತಿರುತ್ತೇವೆ.

ಈ ಸಾಲಿನಲ್ಲಿ ನಾನೂ ಒಮ್ಮೆ ನಿಂತಿದ್ದೆ. ರಾತ್ರಿ ಹತ್ತು ಗಂಟೆ, ಜಡಿಮಳೆ. ಕಂಡಿಯಲ್ಲಿ ಏನೋ ಕಪ್ಪಗೆ ಉದ್ದಕ್ಕೆ ಸರಿಯಿತು. ಹಾವುಮೀನು ಎಂದು ಎರಡೂ ಕೈಯಲ್ಲಿ ಹಿಡಿದು ಎತ್ತಿದೆ. ಹೆಸರಿನ ಅರ್ಧ ಭಾಗ ಸರಿಯಾಗಿತ್ತು. ಪುಣ್ಯಕ್ಕೆ ನೀರೊಳ್ಳೆ, ವಿಷ ಇಲ್ಲ. ಅದು ಒಂದು ಕಡೆ ಹೋಯಿತು, ಟಾರ್ಚು ಇನ್ನೊಂದು ಕಡೆ ಹೋಯಿತು, ನಾನು ಗದ್ದೆಯಲ್ಲಿ ಕೂತೆ. ಗೌಡ್ರು ಅವತ್ತು ನಗುತ್ತಲೇ ನನ್ನನ್ನು ಎತ್ತಿದರು. ಇವತ್ತಿಗೂ ನಗು ನಿಲ್ಲಿಸಿಲ್ಲ.

"ನೋಡಿ, ನಿಮ್ಮ ಹೊಳೆಗೆ ಬರುವ ಮೀನೆಲ್ಲ ನಮ್ಮ ಕಡಲಿನದ್ದೇ" ಎಂದ ಬಾವ. "ಅಘನಾಶಿನಿ ಹತ್ತಿಕೊಂಡು ಬರ್ತವೆ."

ಭಟ್ರು ಚಾ ಲೋಟ ಕೆಳಗಿಟ್ಟರು. ಅವರು ಲೋಟ ಇಟ್ಟರೆ ಕಡಿಮೆಯೆಂದರೂ ಕಾಲು ಗಂಟೆ.

"ಬಾವನವರೇ, ಅಘನಾಶಿನಿಯಲ್ಲಿ ಅಣೆಕಟ್ಟಿಲ್ಲ, ಒಪ್ಪಿದೆ. ಆದರೆ ನಡುವೆ ಉಂಚಳ್ಳಿ ಜಲಪಾತ ಉಂಟು. 116 ಮೀಟರ್. ಬಂಗಡೆ ಅದನ್ನು ಹತ್ತಬೇಕಾದರೆ ಸಿದ್ದಾಪುರದ ಬಸ್ಸು ಹಿಡಿಯಬೇಕು. ಹತ್ತಿದರೂ ಇಲ್ಲಿಗೆ ಬರುವುದಿಲ್ಲ. ಈ ವರದೆ ಹುಟ್ಟಿದ್ದು ಸಾಗರದ ವರದಾಮೂಲದಲ್ಲಿ. ಹೋಗುವುದು ಪೂರ್ವಕ್ಕೆ. ಗಳಗನಾಥದಲ್ಲಿ ತುಂಗಭದ್ರೆ ಸೇರಿ, ಕೃಷ್ಣೆ ಸೇರಿ, ಬಂಗಾಳ ಕೊಲ್ಲಿ. ನಿಮ್ಮ ಸಮುದ್ರವೇ ಬೇರೆ, ನಮ್ಮ ಹೊಳೆಯ ಸಮುದ್ರವೇ ಬೇರೆ."

ಒಂದೇ ತಾಲ್ಲೂಕು. ಶಿರಸಿಯಲ್ಲಿ ಬಿದ್ದ ಮಳೆ ಕುಮಟಾದ ಕಡಲಿಗೆ, ಬನವಾಸಿಯಲ್ಲಿ ಬಿದ್ದದ್ದು ಆಂಧ್ರಕ್ಕೆ! ಬಾವ ಸುಮ್ಮನಾದ. ಇನ್ನೊಂದು ಚಾ ಹೇಳಿದ, ದುಡ್ಡು ನಾನು ಕೊಟ್ಟೆ.

ಮುಂದೆ ಮಾತು ಹೆಸರಿಗೆ ಬಂತು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಒಂದೇ ಮೀನಿಗೆ ಮೂರು ಊರಲ್ಲಿ ನಾಲ್ಕು ಹೆಸರು. ಹಾವಿನಂಥ ತಲೆಯದ್ದಕ್ಕೆ ಗೌಡ್ರು ಕುಚ್ಚು ಎನ್ನುತ್ತಾರೆ. ಮಾಸ್ತರು ಕೊರವ ಎನ್ನುತ್ತಾರೆ. ಇಬ್ಬರೂ ಹತ್ತು ನಿಮಿಷ ಜಗಳವಾಡಿ, ಕಡೆಗೆ ಕೈ ಅಳತೆ ತೋರಿಸಿಕೊಂಡಾಗ ಎರಡೂ ಒಂದೇ ಎಂದು ಗೊತ್ತಾಯಿತು. ಅಳತೆ ಮಾತ್ರ ಒಬ್ಬರದ್ದು ಮೊಣಕೈವರೆಗೆ, ಇನ್ನೊಬ್ಬರದ್ದು ಹೆಗಲವರೆಗೆ.

"ಗಾಳಕ್ಕೆ ದೀಪಾವಳಿ ಕಳೆಯಬೇಕು" ಎಂದರು ಮಾಸ್ತರು. "ನೀರು ತಿಳಿಯಾಗಬೇಕು. ಗೆಂಡೆಗೆ ಅನ್ನದ ಉಂಡೆ, ಕುಚ್ಚಿಗೆ ಸಣ್ಣ ಕಪ್ಪೆ. ಚಳಿಗಾಲದ ಬೆಳಿಗ್ಗೆ ಹೋಗಿ ಪ್ರಯೋಜನವಿಲ್ಲ. ನೀರು ತಣ್ಣಗಿದ್ದರೆ ಮೀನಿಗೆ ಹಸಿವಿಲ್ಲ. ಬಿಸಿಲು ಏರಿದ ಮೇಲೆ ಹೋಗಬೇಕು."

"ಅದಕ್ಕೇ ನೀವು ಹನ್ನೊಂದಕ್ಕೆ ಹೋಗಿ, ಒಂದಕ್ಕೆ ಊಟಕ್ಕೆ ಬರೋದಾ?" ಎಂದರು ಗೌಡ್ರು.

"ಹಿಡಿದಿದ್ದೇನೆ ಮಾರಾಯ್ರೆ! ಚೇಳು ಮೀನು ಹಿಡಿದಿದ್ದೇನೆ."

ಚೇಳು ಮೀನನ್ನು ಮಾಸ್ತರು ಹಿಡಿದರೋ, ಅದು ಮಾಸ್ತರನ್ನು ಹಿಡಿಯಿತೋ ಎಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ಗೇಣುದ್ದದ ಕಪ್ಪು ಮೀನು, ಬಾಯಿ ಸುತ್ತ ಎಂಟು ಮೀಸೆ. ಕಿವಿರಿನ ಹಿಂದೆ ಎರಡೂ ಬದಿಗೆ ಒಂದೊಂದು ಮುಳ್ಳು, ಮುಳ್ಳಿನಲ್ಲಿ ವಿಷ. ಮಾಸ್ತರಿಗೆ ಹೆಬ್ಬೆರಳಿಗೆ ಹೊಡೆದಾಗ ಹೊಳೆದಂಡೆಯಲ್ಲಿ ಆರು ಮಂದಿ ಆರು ಔಷಧಿ ಹೇಳಿದ್ದರಂತೆ. ಸುಣ್ಣ, ಅರಿಶಿನ, ಒಬ್ಬ ಸೀಮೆಎಣ್ಣೆ. ಮನೆಗೆ ಬಂದ ಮೇಲೆ ಹೆಂಡತಿ ಸಹಿಸುವಷ್ಟು ಬಿಸಿಯಾದ ನೀರಿನ ಪಾತ್ರೆಯಲ್ಲಿ ಕೈ ಅದ್ದಿಸಿದ ಮೇಲೆಯೇ ನೋವು ಇಳಿದದ್ದು. ಬಿಸಿಗೆ ಆ ವಿಷದ ಜೋರು ಕಡಿಮೆಯಾಗುತ್ತದೆ. "ಅಷ್ಟು ಹೊತ್ತೂ ಮೀನು ಬಿಟ್ಟಿರಲಿಲ್ಲ ನಾನು" ಎಂದು ಮಾಸ್ತರು ಹೆಮ್ಮೆಯಿಂದ ಹೇಳುತ್ತಾರೆ. ಆ ಮೀನು ಬೆಕ್ಕಿನ ಪಾಲಾಯಿತು ಎಂಬುದನ್ನು ಹೇಳುವುದಿಲ್ಲ.

ಗೌಡ್ರಿಗೆ ನಿಜವಾದ ಹುರುಪು ಬರುವುದು ಬೇಸಿಗೆಯ ಮಾತಿಗೆ. ಅಂದರೆ ನೀರಿಳಿದ ಕೆರೆಗೆ ಜನರೆಲ್ಲ ಒಟ್ಟಿಗೆ ಇಳಿದು ಮೀನು ಹಿಡಿಯುವ ಕೆರೆಬೇಟೆಗೆ. ಅವರ ಮನೆಯ ಅಟ್ಟದಲ್ಲಿ ಅಪ್ಪನ ಕಾಲದ ಕೂಣಿ ಇದೆ. ಬಿದಿರು ಸೀಳಿ ಹೆಣೆದದ್ದು, ಎರಡೂ ಕಡೆ ಬಾಯಿ. ಕೆಳಗೆ ಅಗಲ, ಮೇಲೆ ಕೈ ತೂರುವಷ್ಟು. ಕೆಳಗಿನ ಕಡ್ಡಿಗಳ ತುದಿ ಚೂಪು. ಸೊಂಟದ ನೀರಿನಲ್ಲಿ ಧಪ್ ಎಂದು ಕೆಸರಿಗೆ ಒತ್ತಬೇಕು. ಒಳಗೆ ಮೀನಿದ್ದರೆ ಬಿದಿರಿಗೆ ಬಡಿಯುತ್ತದೆ, ಅದು ಅಂಗೈಗೆ ಗೊತ್ತಾಗುತ್ತದೆ. ಆಮೇಲೆ ಮೇಲಿನ ಬಾಯಿಯಿಂದ ಕೈ ಇಳಿಸಿ ತಡಕಬೇಕು. ಅದು ಚೇಳು ಮೀನೋ ಅಲ್ಲವೋ ಎಂಬುದು ಕೈ ಇಳಿಸಿದ ಮೇಲಿನ ಮಾತು.

ಕೂಣಿಗೆ ಇಷ್ಟು ಎಂದು ದುಡ್ಡು ಕಟ್ಟಿ ಜನ ದಂಡೆಯ ಸುತ್ತ ನಿಲ್ಲುತ್ತಾರೆ. ಸೂಚನೆ ಸಿಕ್ಕಿದ್ದೇ ನೂರಾರು ಜನ ಒಟ್ಟಿಗೆ ಹಾರುತ್ತಾರೆ. ಐದು ನಿಮಿಷಕ್ಕೆ ಕೆರೆ ಕೋಕೋ ಬಣ್ಣದ ಕೆಸರಾಗಿರುತ್ತದೆ. ಯಾರ ಮುಖವೂ ಯಾರಿಗೂ ಗುರುತಿಲ್ಲ. ಗೌಡ್ರು ಒಂದು ವರ್ಷ ತಮ್ಮ ಸ್ವಂತ ಅಳಿಯನ ಕೂಣಿಗೇ ಕೈ ಹಾಕಿ ಮೀನು ತೆಗೆದಿದ್ದರು. "ಗೊತ್ತಾಗಲಿಲ್ಲ" ಎನ್ನುತ್ತಾರೆ. ಅಳಿಯ ಇನ್ನೂ ನಂಬಿಲ್ಲ.

"ಆ ಕೆಸರಲ್ಲಿ ಮೀನು ಬದುಕುವುದಾದರೂ ಹೇಗೆ?" ಎಂದ ಬಾವ.

"ಕುಚ್ಚು, ಮುರುಗೋಡು, ಚೇಳು, ಈ ಮೂರೂ ಮೇಲೆ ಬಂದು ಗಾಳಿ ಕುಡಿಯುತ್ತವೆ" ಎಂದರು ಭಟ್ರು. "ನೀರು ಕೆಟ್ಟರೂ ತಡೆಯುತ್ತವೆ. ಕೆಟ್ಟ ಮನುಷ್ಯನನ್ನು ತಡೆಯುವುದಿಲ್ಲ. ಈಗಿನ ಹುಡುಗರು ಮಡುವಿಗೆ ಬ್ಲೀಚಿಂಗ್ ಪೌಡರ್ ಸುರಿಯುತ್ತಾರಲ್ಲ. ಡೈನಮೈಟು, ವಿಷ ಹಾಕಿ ಮೀನು ಹಿಡಿಯಬಾರದು ಎಂದು 1897ರಲ್ಲೇ ಕಾನೂನು ಮಾಡಿದ್ದಾರೆ."

"ಮೀನು ಹಾಳಾದದ್ದು ಅದರಿಂದಲೇ" ಎಂದು ಗೌಡ್ರು ಜೋರಾಗಿ ತಲೆಯಾಡಿಸಿದರು. "ಜೊತೆಗೆ ಆ ಜಿಲೇಬಿ ಮೀನು, ಅದೇ ತಿಲಾಪಿಯಾ. ಎಲ್ಲಿ ನೋಡಿದರೂ ಅದೇ."

"ಜಿಲೇಬಿ ದೇಶಕ್ಕೆ ಬಂದದ್ದು 1952ರಲ್ಲಿ. ಮರಿಯನ್ನು ಬಾಯೊಳಗಿಟ್ಟು ಸಾಕುತ್ತದೆ, ಅದಕ್ಕೇ ಉಳಿಯಿತು. ಅದಿರಲಿ ಗೌಡ್ರೇ, ನೀವು ಮೃಗಶಿರದಲ್ಲಿ ಹಿಡಿದ ಮೀನಿನ ಹೊಟ್ಟೆಯಲ್ಲಿ ಏನಿರುತ್ತಿತ್ತು?"

"ಮೊಟ್ಟೆ. ಮತ್ತೆಂತ? ಅದನ್ನು ಹುರಿದರೆ ಭಟ್ರೇ..." ಎಂದ ಗೌಡ್ರು ಅಲ್ಲಿಗೇ ನಿಲ್ಲಿಸಿದರು. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ.

ಭಟ್ರು ಎದ್ದರು. "ಬನ್ನಿ, ಒಂದು ತೋರಿಸುತ್ತೇನೆ. ಗಾಳ ಇಲ್ಲೇ ಇಡಿ ಮಾಸ್ತರೇ."

ಅವರ ತೋಟದ ಮೂಲೆಯಲ್ಲಿ ಒಂದು ಹೊಂಡ. ಐದು ಮಂದಿ ಕೊಡೆ ಹಿಡಿದು ಕುಕ್ಕರಗಾಲಲ್ಲಿ ಕೂತೆವು. ಮೊದಲು ಏನೂ ಕಾಣಲಿಲ್ಲ. ಆಮೇಲೆ ನೀರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಒಂದು ಕೆಂಪು ಗುಂಪು ಎದ್ದಿತು. ಕುಚ್ಚಿನ ಮರಿಗಳು, ಅಕ್ಕಿಕಾಳಿಗಿಂತ ತುಸು ದೊಡ್ಡವು. ಒಟ್ಟಿಗೆ ಮೇಲೆ ಬಂದು, ಒಟ್ಟಿಗೆ ಕೆಳಗೆ. ಅವುಗಳ ಅಡಿಯಲ್ಲಿ ತೊಡೆ ಗಾತ್ರದ ಕಪ್ಪು ನೆರಳು, ಅಲುಗದೆ. ಎಲೆಯೊಂದು ಬಿತ್ತು. ನೆರಳು ಬಾಣದ ಹಾಗೆ ಬಂದು ಎಲೆಯನ್ನು ಹೊಡೆದು ಮತ್ತೆ ಕೆಳಗಿಳಿಯಿತು.

"ಗದ್ದೆ ಕಂಡಿಯಿಂದ ತಪ್ಪಿಸಿಕೊಂಡು ಬಂದದ್ದು" ಎಂದರು ಭಟ್ರು ಮೆಲ್ಲಗೆ. "ಇದನ್ನು ಹಿಡಿದರೆ ಅಷ್ಟೂ ಮರಿ ಸಂಜೆಯೊಳಗೆ ಉಳಿದ ಮೀನಿನ ಹೊಟ್ಟೆಗೆ."

"ಎರಡು ಕಿಲೋ ಉಂಟು" ಎಂದರು ಗೌಡ್ರು, ಅದಕ್ಕಿಂತ ಮೆಲ್ಲಗೆ.

"ಗೌಡ್ರೇ!"

"ಸುಮ್ನೆ ಅಂದಾಜು ಭಟ್ರೇ. ಅಂದಾಜಿಗೂ 1897ರ ಕಾನೂನು ಉಂಟಾ?"

ಕತ್ತಲಾಗುವಾಗ ಮನೆ ಸೇರಿದೆವು. ಭಟ್ರು ಕೊಟ್ಟ ಹಲಸಿನಹಣ್ಣು ಚೀಲದಲ್ಲಿ, ಕೆಸುವಿನ ಎಲೆ ಬಾವನ ಕಂಕುಳಲ್ಲಿ. ಇವಳು ಚೀಲ ಬಿಚ್ಚಿ ನೋಡಿ ಅಣ್ಣನ ಮುಖ ನೋಡಿದಳು.

"ಮೀನು ಸಿಗಲಿಲ್ವಾ?"

"ಸಿಕ್ಕಿತ್ತು" ಎಂದ ಬಾವ. "ಮಕ್ಕಳಿದ್ದವು. ಬಿಟ್ಟು ಬಂದೆವು."