ರೀಲ್ಸ್ ಮಾಡಿ ಹೊಟ್ಟಿ ತುಂಬ್ತದೇನ್ರಿ? ನಮ್ಮ ಕಡೆಯವರ ಅನುಭವ ಬೇಕಾಗೇದ

ಸಿಂಧನೂರಿನಿಂದ ಕೇಳಿದವರು

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿದು ಒಂದು ವರ್ಷ ಆತು. ಇನ್‌ಸ್ಟಾಗ್ರಾಂನಾಗ ಸೀರಿ, ಕುರ್ತಾ ಉಡೋ ರೀಲ್ಸ್ ಹಾಕ್ತೀನಿ, 4,300 ಫಾಲೋವರ್ಸ್ ಅದಾರ. ಅವ್ವ ಟೇಲರಿಂಗ್ ಮಾಡ್ತಾಳ, ನನ್ನ ಬ್ಲೌಸ್ ಎಲ್ಲಾ ಆಕೀನ ಹೊಲಿಯೋದು. ಅಪ್ಪ ಧಾರವಾಡಕ್ಕ ಹೋಗಿ ಬ್ಯಾಂಕ್ ಪರೀಕ್ಷಾ ಕೋಚಿಂಗ್ ತಗೋ ಅಂತಾರ. ಒಂದು ವರ್ಷ ಬಿಡ್ರಿ ಅಂತ ಕೇಳೀನಿ. ಮೊನ್ನೆ ಇಲ್ಲಿನ ಒಂದು ಅಂಗಡಿಯವರು "ಒಂದು ಸೀರಿ ಕೊಡ್ತೀವಿ, ಐದು ರೀಲ್ಸ್ ಮಾಡಿಕೊಡ್ರಿ" ಅಂದ್ರು. ಒಪ್ಪಬೇಕೋ ಬ್ಯಾಡೋ ತಿಳೀವಲ್ದು. ಬಳ್ಳಾರಿ, ರಾಯಚೂರು, ಕೊಪ್ಪಳದಾಗ ಇದನ್ನೇ ಕೆಲಸ ಮಾಡಿಕೊಂಡವರು ಯಾರರ ಅದಾರೇನು? ಬೆಂಗಳೂರಿಗೇ ಹೋಗಬೇಕಾ? ಫೋನ್ ಹೊಸಾದು ತಗೋಬೇಕಾ?

ಕುಷ್ಟಗಿ ಕಡೆಯ ಅಕ್ಕ

ತಂಗಿ, ಮೊದಲು ಆ ಸೀರಿ ಮಾತು ಮುಗಿಸೋಣ. ಒಂದು ಸೀರಿಗೆ ಐದು ರೀಲ್ಸ್ ಅಂದ್ರ ನಿನಗ ದಿನಗೂಲಿನೂ ಗಿಟ್ಟಂಗಿಲ್ಲ. ಬ್ಲೌಸ್ ಹೊಲಿಗಿ, ಫಾಲು, ಇಸ್ತ್ರಿ, ಅರ್ಧ ದಿನ ಶೂಟಿಂಗ್, ರಾತ್ರಿ ಕುಂತು ಎಡಿಟಿಂಗ್, ಇಷ್ಟೂ ನಿನ್ನ ತಲಿಮ್ಯಾಲೆ. ನಾನು ಮೊದಲನೇ ವರ್ಷ ಹಿಂಗ ಹನ್ನೊಂದು ಸೀರಿ ತಗೊಂಡೆ. ಟ್ರಂಕ್ ತುಂಬ್ತು, ಕೈಯಾಗ ಬಸ್ ಚಾರ್ಜಿಗೆ ರೊಕ್ಕ ಇಲ್ಲ. ಹನ್ನೆರಡನೇ ಅಂಗಡಿಯವರಿಗೆ, "ಸೀರಿ ಬ್ಯಾಡ್ರಿ, ಒಂದು ರೀಲಿಗೆ ಸಾವಿರದ ಐನೂರು ಕೊಡ್ರಿ, ಸೀರಿ ಘಡಿ ಮಾಡಿ ವಾಪಸ್ ತಂದುಕೊಡ್ತೀನಿ" ಅಂದೆ. ನಕ್ಕರು. ಆದ್ರ ಕೊಟ್ರು.

ನನ್ನ ಕಥಿ ಹೇಳ್ತೀನಿ, ನಿನಗ ಬೇಕಾದ್ದಷ್ಟು ತಗೋ. ಟಿಕ್‌ಟಾಕ್‌ನಾಗ ನನಗ ಅರವತ್ತು ಸಾವಿರ ಮಂದಿ ಇದ್ರು. ಎಲ್ಲಾ ಕುಣಿಯೋದು, ಹಾಡಿಗೆ ತುಟಿ ಆಡಿಸೋದು. 2020ರ ಜೂನ್ 29ಕ್ಕ ಸರ್ಕಾರ ಅದನ್ನ ಬ್ಯಾನ್ ಮಾಡ್ತು. ಆ ಅರವತ್ತು ಸಾವಿರ ಮಂದಿ ಎಲ್ಲಿ ಹೋದ್ರೋ ಇವತ್ತಿಗೂ ಗೊತ್ತಿಲ್ಲ. ಹತ್ತು ದಿನದೊಳಗ ಇಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಶುರುವಾತು, ನಾನು ಮತ್ತ ಸೊನ್ನಿಯಿಂದ ಎದ್ದೆ. ಅವತ್ತಿನಿಂದ ಯಾರು ಏನು ಕೇಳಿದ್ರೂ ಅವರ ವಾಟ್ಸಾಪ್ ನಂಬರ್ ಕೇಳಿ ನೋಟ್‌ಬುಕ್‌ನಾಗ ಬರದು ಇಡ್ತೀನಿ. ನಮ್ಮ ಮನ್ಯಾಗ ಅದಕ್ಕ ಉದ್ರಿ ವಹಿ ಅಂತ ಹೆಸರಿಟ್ಟಾರ.

ಕುಣಿಯೋ ರೀಲ್ಸ್ ಲಕ್ಷ ವ್ಯೂ ಹೋದ್ವು ಖರೆ. ಒಬ್ರೂ ರೇಟ್ ಕೇಳಲಿಲ್ಲ. ದುಡ್ಡು ಹುಟ್ಟಿದ್ದು ಎಲ್ಲಿಂದ ಗೊತ್ತೇನು? ದೋಟಿಹಾಳದಾಗ ಪರಿಚಯದವರ ಮಗ್ಗದ ಮನಿಗೆ ಹೋಗಿದ್ದೆ. ಇಳಕಲ್ ಸೀರಿ ಮೈಗೆ ಒಂದು ಹಾಸು (ಮಗ್ಗದ ಉದ್ದುದ್ದ ಎಳಿ), ಸೆರಗಿಗೆ ಬ್ಯಾರೆ ಹಾಸು. ಎರಡರ ಎಳಿ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸ್ತಾರ. ತೋಪ ತೆನಿ ಅನ್ನೋ ಡಿಸೈನಿನ ಸೆರಗಿನ ಕೆಂಪು ಎಲ್ಲಿ ಶುರುವಾಗತೈತಿ ಅಲ್ಲಿ ಬೆರಳಾಡಿಸಿದ್ರ ಆ ಕೊಂಡಿ ಸಾಲು ಕೈಗೆ ಹತ್ತತೈತಿ. ಅದೇ ಡಿಸೈನ್ ಪ್ರಿಂಟ್ ಹೊಡದು ಮಾರೋ ಸೀರ್ಯಾಗ ನುಣ್ಣಗ ಜಾರತೈತಿ. ನಾನು ಹಾಡಿಲ್ಲ, ಕುಣತಿಲ್ಲ, ಬರೇ ಬೆರಳು ಮತ್ತ ಮಗ್ಗದ ಸಪ್ಪಳ ಇಟ್ಟು ನಲವತ್ತು ಸೆಕೆಂಡ್ ತಗದೆ. ಒಂಬತ್ತು ಸಾವಿರ ವ್ಯೂ. ಆದ್ರ ಎಪ್ಪತ್ತು ಮಂದಿ ಮೆಸೇಜ್ ಮಾಡಿದ್ರು, "ಅಕ್ಕಾ, ನಮ್ಮ ಸೀರಿ ಫೋಟೋ ಕಳಸ್ತೀವಿ, ಕೈಮಗ್ಗದ್ದೋ ಅಲ್ಲೋ ಹೇಳ್ರಿ" ಅಂತ. ಅಂಗಡಿಯವರು ನನ್ನ ಹುಡುಕಿಕೊಂಡು ಬಂದದ್ದು ಅದಾದಮ್ಯಾಲೆ.

ಫೋನ್ ಬ್ಯಾಡ. ನಂದು ನಾಲ್ಕು ವರ್ಷದ್ದು. ಬೆಳಕು ಬೇಕು. ಒಮ್ಮೆ ದಾಳಿಂಬರ ಬಣ್ಣದ ಸೀರಿ ಅಂಗಡಿ ಟ್ಯೂಬ್‌ಲೈಟಿನ್ಯಾಗ ತಗದೆ, ವಿಡಿಯೋದಾಗ ಟೊಮೆಟೊ ಕೆಂಪು ಕಂಡ್ತು. ತಗೊಂಡವ್ರು ವಾಪಸ್ ಕಳಿಸಿದ್ರು, ಅಂಚಿ ಖರ್ಚು ನನ್ನ ಲೆಕ್ಕಕ್ಕ ಬಿತ್ತು. ಈಗ ಬೆಳಿಗ್ಗಿ ಆರೂವರೀಗೆ ಕಟ್ಟಿ ಮ್ಯಾಲೆ, ನೆರಳಾಗ, ಬಾಜೂಕ ಒಂದು ಬಿಳಿ ಪಂಚೆ ಹಾಸಿ ತಗೀತೀನಿ. ಪಂಚೆ ಪರದಿ ಮ್ಯಾಲೆ ಬೆಳ್ಳಗ ಕಂಡ್ರ ಸೀರಿ ಬಣ್ಣನೂ ಖರೇನ ಐತಿ ಅಂತ ಲೆಕ್ಕ. ಬ್ಯಾಸಿಗ್ಯಾಗ ಎಂಟರ ಮ್ಯಾಲೆ ನಮ್ಮ ಬಿಸಿಲಾಗ ಮುಖಾನೂ ನಿಲ್ಲಂಗಿಲ್ಲ, ಬಣ್ಣಾನೂ ನಿಲ್ಲಂಗಿಲ್ಲ.

ಆದಾಯ ಕೇಳಿದ್ರ: ಶ್ರಾವಣದಿಂದ ದೀಪಾವಳಿತನಕ ತಿಂಗಳಿಗೆ ಹದಿನೈದು ಇಪ್ಪತ್ತು ಸಾವಿರ. ಮದುವಿ ಹಂಗಾಮಿನ್ಯಾಗೂ ಅಷ್ಟೇ. ಆಷಾಢದಾಗ ನಾಲ್ಕು ಸಾವಿರ ಬಂದ್ರ ಪುಣ್ಯ. ನಿಮ್ಮ ಕಡೆ ಇನ್ನೊಂದು ಐತಿ, ಎರಡನೇ ಬೆಳಿಗೆ ಕಾಲುವಿ ನೀರು ಬಿಡಲಿಲ್ಲ ಅಂದ್ರ ಅಂಗಡಿಯವರು ಮೊದಲು ನಿಲ್ಲಸೋದು ನಿನ್ನ ರೀಲಿನ ರೊಕ್ಕ. ಭತ್ತದ ರೇಟು ನೋಡಿಕೊಂಡು ಮಾತಾಡಾಕ ಹೋಗು. ನಗಬ್ಯಾಡ, ನಾನು ಹಂಗೇ ಮಾಡ್ತೀನಿ.

ಕಂಪ್ಲಿಯಿಂದ ಒಬ್ಬರು

ಹಂಪಿಯಲ್ಲಿ ಶೂಟ್ ಮಾಡೋ ಯೋಚನೆ ಇದ್ರೆ ಮೊದಲೇ ಹೇಳ್ತೀನಿ, ಸ್ಮಾರಕದ ಒಳಗೆ ಟ್ರೈಪಾಡ್ ನಿಲ್ಲಿಸಬೇಕು ಅಂದ್ರೆ ಪುರಾತತ್ವ ಇಲಾಖೆ ಅನುಮತಿ ಬೇಕು. ನಾವು ಮುಂಜಾನೆ ಐದಕ್ಕೆ ಎದ್ದು, ಮೇಕಪ್ ಮಾಡಿಕೊಂಡು ಹೋಗಿ, ಕಾವಲಿನವರು ಮಡಚಿಡಿಸಿದ ಮೇಲೆ ಇಡ್ಲಿ ತಿಂದು ಬಂದ್ವಿ.

ಬಳ್ಳಾರಿಯ ಜೀನ್ಸ್ ವ್ಯಾಪಾರಿ

ನೋಡಮ್ಮಾ, ನಾನು ರೊಕ್ಕ ಕೊಡೋ ಕಡೆಯವನು. ಈ ಮಾತು ನಿಮಗೆ ಯಾರೂ ಹೇಳಂಗಿಲ್ಲ, ಅದಕ್ಕೇ ಬರೀತಿದೀನಿ.

ಬಳ್ಳಾರಿ ಜೀನ್ಸ್ ಊರೂರಿಗೆ ಹೋಗ್ತಾವೆ, ಆದ್ರೆ ಹಾಕ್ಕೊಂಡವರಿಗೆ ಅದು ಬಳ್ಳಾರಿದು ಅಂತ ಗೊತ್ತಿರಂಗಿಲ್ಲ. ಕಟಿಂಗ್ ಒಂದು ಕಡೆ, ಹೊಲಿಗೆ ಮನೆಮನೆಯಲ್ಲಿ, ವಾಶಿಂಗ್ ಮತ್ತೊಂದು ಕಡೆ, ಲೇಬಲ್ ಕೊನೆಗೆ. ನಮ್ಮ ಹೆಸರಿನಿಂದ ಮಾರೋಣ ಅಂತ ಎರಡು ವರ್ಷದ ಹಿಂದೆ ಹಟ ಹಿಡಿದೆ. ಲಕ್ಷಕ್ಕೂ ಮೇಲೆ ಫಾಲೋವರ್ಸ್ ಇದ್ದ ಒಬ್ಬರಿಗೆ ಹನ್ನೆರಡು ಸಾವಿರ ಕೊಟ್ಟೆ. ವಿಡಿಯೋ ಸಿನಿಮಾ ಇದ್ದಂಗೆ ಇತ್ತು. ಆರ್ಡರ್ ಬಂದಿದ್ದು ಎರಡು, ಅದರಲ್ಲಿ ಒಂದು ನನ್ನ ಷಡ್ಕನದು. ಆಮೇಲೆ ಇನ್‌ಸೈಟ್ಸ್ ತೋರಿಸ್ರಿ ಅಂತ ಕೇಳಿದೆ. ನೋಡೋರು ಯಾವ ಊರಿನವರು ಅಂತ ಅದ್ರಲ್ಲಿ ಬರ್ತದೆ. ಮೊದಲ ಐದು ಊರಿನಲ್ಲಿ ಕರ್ನಾಟಕದ್ದೇ ಒಂದೂ ಇಲ್ಲ.

ಮುಂದಿನ ತಿಂಗಳು ಸಿರುಗುಪ್ಪ ಕಡೆಯ ಕಾಲೇಜು ಹುಡುಗ ಬಂದ. ಆರು ಸಾವಿರ ಫಾಲೋವರ್ಸ್. "ಅಂಕಲ್, ಎರಡು ಪ್ಯಾಂಟ್ ಕೊಡ್ರಿ, ಹದಿನೈದು ದಿನ ಬಿಟ್ಟು ವಿಡಿಯೋ ಹಾಕ್ತೀನಿ" ಅಂದ. ಯಾಕೋ ಅಂದ್ರೆ, ಒಗೀಬೇಕು ಅಂದ. ಮೂರು ಸಲ ಒಗೆದು, ಪ್ರತಿ ಸಲ ಸೊಂಟ, ಉದ್ದ ಟೇಪಿನಲ್ಲಿ ಅಳೆದು ತೋರಿಸಿದ. ಉದ್ದ ಅರ್ಧ ಇಂಚು ಕಮ್ಮಿ ಆಗಿತ್ತು, ಅದನ್ನೂ ಮುಚ್ಚಿಡಲಿಲ್ಲ. ನನಗೆ ಸಿಟ್ಟು ಬಂತು, ಹಾಕಬ್ಯಾಡ ಅಂದೆ. ಹಾಕೇಬಿಟ್ಟ. ವಾರದಲ್ಲಿ ಮೂವತ್ತೊಂದು ಆರ್ಡರ್, ಎಲ್ಲರೂ "ಅರ್ಧ ಇಂಚು ಉದ್ದ ಬಿಟ್ಟು ಕೊಡ್ರಿ" ಅಂತ ಬರೆದವರೇ. ಈಗ ಅವನಿಗೆ ತಿಂಗಳಿಗೆ ಇಷ್ಟು ಅಂತ ಕೊಡ್ತೀನಿ.

ಹಂಗಾಗಿ ನಿಮ್ಮ 4,300ಕ್ಕೆ ಬೇಜಾರು ಮಾಡ್ಕೋಬ್ಯಾಡ್ರಿ. ಅದರಲ್ಲಿ ಸಿಂಧನೂರು, ಮಸ್ಕಿ, ಗಂಗಾವತಿ ಎಷ್ಟು ಅಂತ ಸ್ಕ್ರೀನ್‌ಶಾಟ್ ತೆಗೆದು ಅಂಗಡಿಯವರ ಮುಂದೆ ಇಡ್ರಿ. ಅರ್ಧ ರೊಕ್ಕ ಮುಂಗಡ ಕೇಳ್ರಿ. ಎಷ್ಟು ರೀಲು, ಎಷ್ಟು ದಿನ ಪೇಜಿನಲ್ಲಿ ಇರಬೇಕು, ನಿಮ್ಮ ವಿಡಿಯೋ ಅವರು ಜಾಹೀರಾತಿಗೆ ಓಡಿಸಬಹುದೋ ಇಲ್ಲೋ, ಎಲ್ಲಾ ವಾಟ್ಸಾಪಿನಲ್ಲೇ ಬರೆಸಿಕೊಳ್ರಿ. ಬಾಯಿ ಮಾತಿಗೆ ನಾವು ವ್ಯಾಪಾರಿಗಳು "ಮುಂದಿನ ವಾರ ಬರ್ರಿ" ಅಂತ ಹೇಳೋದ್ರಲ್ಲಿ ಎತ್ತಿದ ಕೈ. ನಾನೂ ಹೇಳೀನಿ, ಸುಳ್ಳು ಯಾಕೆ.

ಗಂಗಾವತಿಯ ಲೆಕ್ಕಪತ್ರ ಬರೆಯುವವರು

ವ್ಯಾಪಾರಿ ಅಣ್ಣನವರ ಮಾತಿಗೆ ಎರಡು ಸೇರಿಸ್ತೀನಿ. ಒಂದು, ದುಡ್ಡು ತಗೊಂಡ್ರೂ, ಬಿಟ್ಟಿ ಸೀರೆ ತಗೊಂಡ್ರೂ ಅದು ಜಾಹೀರಾತು ಅಂತ ವಿಡಿಯೋದಲ್ಲೇ ಕಾಣೋ ಹಂಗೆ ಹೇಳಬೇಕು. ಹ್ಯಾಶ್‌ಟ್ಯಾಗ್‌ಗಳ ಗುಂಪಿನಲ್ಲಿ ಬಚ್ಚಿಡೋ ಹಂಗಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇದನ್ನ ಬಿಡಿಸಿ ಹೇಳಿದೆ. ದಾರಿ ತಪ್ಪಿಸೋ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ. ಎರಡು, ಒಂದೇ ಕಡೆಯಿಂದ ವರ್ಷಕ್ಕೆ 20,000 ರೂಪಾಯಿಗೆ ಮೇಲ್ಪಟ್ಟು ವಸ್ತು ಬಂದ್ರೆ ಅದಕ್ಕೆ ಶೇ. 10 ಟಿಡಿಎಸ್, ಅಂದ್ರೆ ಕೊಡೋರೇ ಮೊದಲೇ ಹಿಡಿಯೋ ಆದಾಯ ತೆರಿಗೆ, ಹಿಡಿಯೋ ನಿಯಮ 2022ರ ಜುಲೈಯಿಂದ ಬಂದಿದೆ. ವಸ್ತು ವಾಪಸ್ ಕೊಟ್ರೆ ಅದು ಲೆಕ್ಕಕ್ಕಿಲ್ಲ. ಕುಷ್ಟಗಿ ಅಕ್ಕ ಗೊತ್ತಿಲ್ಲದೇ ಸರಿಯಾದ್ದೇ ಮಾಡಿದ್ದಾರೆ.

ಕುಷ್ಟಗಿ ಕಡೆಯ ಅಕ್ಕ

ಗೊತ್ತಿಲ್ಲದೇ ಅಂದ್ರ ಏನ್ರಿ ಅಣ್ಣಾ!

ಸಂಡೂರು ತಾಂಡಾದಿಂದ

ಫ್ಯಾಷನ್ ಅಂತ ಮಾತು ಬಂದಿದ್ದಕ್ಕೆ ಒಂದು ಬೇಸರ ಹೇಳಿಕೊಳ್ತೀನಿ. ನಮ್ಮ ಲಂಬಾಣಿ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ಹಾಕಿಕೊಂಡು ರೀಲ್ಸ್ ಮಾಡೋರು ಜಾಸ್ತಿ ಆಗಿದ್ದಾರೆ. ಮಾಡ್ಲಿ, ಬೇಡ ಅನ್ನಲ್ಲ. ಆದ್ರೆ ಬಾಡಿಗೆ ಅಂಗಡಿಯಿಂದ ಮಷಿನ್ ಹೊಲಿಗೆಯ ಲಂಗ ತಂದು "ಲಂಬಾಣಿ ಲುಕ್" ಅಂತ ಹಾಕ್ತಾರೆ. ನಮ್ಮ ಅಜ್ಜಿ ಕನ್ನಡಿ ಕೂರಿಸೋವಾಗ ಸೂಜಿ ಚುಚ್ಚಿಸಿಕೊಂಡು ಬೆರಳಿನ ತುದಿ ಕಲ್ಲಾಗಿತ್ತು. ಸಂಡೂರಿನ ಕಸೂತಿಗೆ 2010ರಲ್ಲಿ ಜಿಐ ಮಾನ್ಯತೆ, ಅಂದ್ರೆ ಇದು ಈ ಊರಿನದ್ದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆ. ಹದಿನಾಲ್ಕು ಥರ ಹೊಲಿಗೆ ಇದೆ. ಕಿಲನ್, ವೇಲೆ, ಮಾಕಿ, ನಕ್ರಾ ಅಂತ ಒಂದೊಂದಕ್ಕೂ ಹೆಸರು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳನ್ನ ಇಟ್ಟು ಗಿನ್ನೆಸ್ ದಾಖಲೆ ಆಯ್ತು. ದಾಖಲೆ ಆದ ಮರುವಾರ ನಮ್ಮ ಚಿಕ್ಕಮ್ಮನಿಗೆ ಬಂದ ಮೆಸೇಜ್ ಏನು ಗೊತ್ತಾ? "ಆಂಟಿ, ಒಂದು ದಿನಕ್ಕೆ ಡ್ರೆಸ್ ಕೊಡ್ತೀರಾ, ನಿಮ್ಮನ್ನ ಟ್ಯಾಗ್ ಮಾಡ್ತೀವಿ." ಟ್ಯಾಗ್ ಮಾಡೋಕೆ ಚಿಕ್ಕಮ್ಮನಿಗೆ ಅಕೌಂಟೇ ಇಲ್ಲ.

ಹಾಕ್ಕೊಳ್ಳೋದಾದ್ರೆ ಯಾರು ಹೊಲಿದಿದ್ದು, ಯಾವ ಹೊಲಿಗೆ ಅಂತ ಹೇಳಿ, ಬಾಡಿಗೆ ಕೊಡಿ. ಹಾಗೆ ಹೇಳಿದವರ ವಿಡಿಯೋ ನೋಡಿ ನಮ್ಮ ಕಡೆ ಬ್ಯಾಗು, ದುಪಟ್ಟಾ ಆರ್ಡರ್ ಬಂದಿದ್ದೂ ಇದೆ.

ರಾಯಚೂರಿನಿಂದ, ಮೊದಲು ಇದೇ ಕೆಲಸದಾಗ ಇದ್ದವರು

ನಾನು ಬಿಟ್ಟವಳು. ಬಿಟ್ಟವರ ಮಾತೂ ಕೇಳ್ರಿ.

ಎರಡನೇ ವರ್ಷ ಅವಸರ ಮಾಡಿ ಹತ್ತು ಸಾವಿರ ಫಾಲೋವರ್ಸ್ ರೊಕ್ಕ ಕೊಟ್ಟು ತಗೊಂಡೆ. ಎಲ್ಲಾ ಜೀವ ಇಲ್ಲದ ಅಕೌಂಟು. ಮೊದಲು ಎರಡು ಸಾವಿರ ಮಂದಿ ನೋಡ್ತಿದ್ದ ರೀಲು ಮುನ್ನೂರಕ್ಕ ಇಳೀತು, ಮತ್ತ ಏಳಲೇ ಇಲ್ಲ. ಯೂಟ್ಯೂಬ್‌ಗೆ ಹೋದೆ. ಅಲ್ಲಿ ಜಾಹೀರಾತಿನ ಪಾಲು ಬರಬೇಕಂದ್ರ 1,000 ಸಬ್‌ಸ್ಕ್ರೈಬರ್ಸ್ ಮತ್ತ ವರ್ಷದಾಗ 4,000 ತಾಸು ನೋಡಿಸಬೇಕು, ಇಲ್ಲಾ 90 ದಿನದಾಗ ಶಾರ್ಟ್ಸ್‌ಗೆ 1 ಕೋಟಿ ವ್ಯೂ ಬರಬೇಕು. ನಾನು ಸಾವಿರ ದಾಟಿದೆ, ತಾಸು ತುಂಬಲಿಲ್ಲ.

ಕಮೆಂಟ್ ಬಗ್ಗೆ ಯಾರೂ ಬರದಿಲ್ಲ ಮ್ಯಾಲೆ. ಹೊಲಸು ಬರೀತಾರ. ಅವರನ್ನ ಬ್ಲಾಕ್ ಮಾಡಬಹುದು. ನನ್ನ ಸುಸ್ತು ಮಾಡಿದ್ದು ಅವರಲ್ಲ, ತೀನ್ ಕಂದೀಲ್ ಹತ್ರ ಅಂಗಡಿ ಇಟ್ಟಿರೋ ನಮ್ಮ ಕಾಕಾ. ಪ್ರತಿ ರೀಲಿಗೂ ಅಪ್ಪಗ ಫೋನ್: "ಈ ಸಲ ತೋಳಿಲ್ಲದ್ದು ಹಾಕ್ಯಾಳ." ಅಪ್ಪ ನನಗ ಏನೂ ಅಂತಿರಲಿಲ್ಲ, ಊಟಕ್ಕ ಕುಂತಾಗ ಸುಮ್ಮನಾಗ್ತಿದ್ರು. ಆ ಸುಮ್ಮನಿರೋದು ತಡಕೊಳ್ಳಾಕ ಆಗ್ತಿರಲಿಲ್ಲ. ನಿಮ್ಮ ಮನ್ಯಾಗ ಅವ್ವ ಜೋಡಿ ಅದಾಳ, ಅದು ಸಣ್ಣ ಮಾತಲ್ಲ.

ಈಗ ಏನು ಮಾಡ್ಲಿಕತ್ತೀನಿ ಅಂದ್ರ, ಮೂರು ಬಟ್ಟಿ ಅಂಗಡಿಯವರ ಪೇಜ್ ನೋಡಿಕೊಳ್ತೀನಿ. ಫೋಟೋ, ರೀಲು, ಮೆಸೇಜಿಗೆ ಉತ್ತರ, ಎಲ್ಲಾ ನಂದೇ. ಒಬ್ಬೊಬ್ಬರು ತಿಂಗಳಿಗೆ ಆರು ಸಾವಿರ ಕೊಡ್ತಾರ. ಮುಖ ತೋರಿಸಿದಾಗ ಬಂದದ್ದಕ್ಕಿಂತ ಹೆಚ್ಚು, ಕಾಕಾನ ಫೋನೂ ನಿಂತದ. ಇನ್ನೊಂದು: "ನೀವು ನಮ್ಮ ಬ್ರ್ಯಾಂಡ್ ಅಂಬಾಸಡರ್ ಆಗೀರಿ, ಮೊದಲು ಎರಡು ಸಾವಿರ ಕಟ್ಟಿ ನೋಂದಾಯಿಸ್ರಿ" ಅಂತ ಮೆಸೇಜ್ ಬರ್ತಾವ. ನಾನು ಕಟ್ಟಿ ಕೂತವಳು. ಕೆಲಸ ಕೊಡೋರು ರೊಕ್ಕ ಕೇಳಂಗಿಲ್ಲ. ಹಂಗೇ ಪಾಸ್‌ವರ್ಡ್ ಜೊತಿ ಎರಡನೇ ಕೋಡ್ ಕೇಳೋ ಸೆಟ್ಟಿಂಗ್ ಇವತ್ತೇ ಹಾಕ್ರಿ.

ಸಿಂಧನೂರಿನಿಂದ ಕೇಳಿದವರು

ಎಲ್ಲರಿಗೂ ಶರಣು. ಅಂಗಡಿಗೆ ಹೋಗಿ ಬಂದೆ. ಸೀರಿ ಬ್ಯಾಡ, ಎರಡು ರೀಲಿಗೆ ಎರಡು ಸಾವಿರ ಕೊಡ್ರಿ ಅಂದೆ, ಕಾಲು ನಡುಗ್ಲಿಕತ್ತಿದ್ವು. ಸ್ಕ್ರೀನ್‌ಶಾಟ್ ನೋಡಿದ್ರು, ಸಿಂಧನೂರೇ ಮೊದಲು ಇತ್ತು. "ಹದಿನೈದು ನೂರು" ಅಂದ್ರು, ಐನೂರು ಮುಂಗಡ ಕೊಟ್ರು. ಅಪ್ಪಗ ಹೇಳಿಲ್ಲ ಇನ್ನ. ಕೋಚಿಂಗ್ ಫಾರ್ಮೂ ತುಂಬೀನಿ, ಶನಿವಾರ ಭಾನುವಾರದ್ದು.

ಕುಷ್ಟಗಿ ಅಕ್ಕಾ, ನಿಮ್ಮ ಕೊಂಡಿ ವಿಷಯ ಅವ್ವಗ ಓದಿ ಹೇಳಿದೆ. ಆಕಿ ಕೇಳ್ಲಿಕತ್ತಾಳ, ಬ್ಲೌಸ್ ಕಟಿಂಗ್ ಮಾಡೋ ಕೈ ಅಷ್ಟೇ ತೋರಿಸಿದ್ರ ನಡೀತದೇನು ಅಂತ. ಮುಖ ಬ್ಯಾಡಂತ.

ಕುಷ್ಟಗಿ ಕಡೆಯ ಅಕ್ಕ

ನಡೀತೈತಿ, ಚೊಲೋ ನಡೀತೈತಿ. ಮೊದಲು ತೋಳು ಕೂರಿಸೋದು ತೋರಿಸ್ಲಿ, ಬಗಲಿನ್ಯಾಗ ಜಗ್ಗದಂಗ ಹೆಂಗ ಹೊಲೀತಾರ ಅಂತ. ಅರ್ಧ ಮಂದಿ ಬ್ಲೌಸಿನ ತಕರಾರು ಅಲ್ಲೇ ಐತಿ. ಸುಣ್ಣದ ಬಳಪದ ಗೆರಿ ಕಾಣಬೇಕು ಅಂದ್ರ ಕರೀ ಅರಿವಿ ಬ್ಯಾಡ, ಗಾಢ ಹಸರು ತಗೋರಿ. ಅವ್ವಗ ಹೇಳು, ಬಳಿ ತಗೀಬ್ಯಾಡ. ಕತ್ತರಿ ಆಡುವಾಗ ಆ ಸಪ್ಪಳ ಬರ್ಲಿ.